ಪೌಡರ್ ಡಬ್ಬಿಯಲ್ಲಿಲ್ಲದ ಬಣ್ಣ

ಪ್ರತಿ ವರ್ಷ ನಮ್ಮ ಶಾಲೆಯ ಹತ್ತನೇ ತರಗತಿಯ ಗ್ರೂಪ್ ಫೋಟೋ ತೆಗೆಸುವ ದಿನ ನನಗೊಂದು ಸಂಕಟ ಕಾದಿರುತ್ತದೆ. ಉಳಿದ ದಿನಗಳಲ್ಲಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬರುವ ಹುಡುಗಿಯರು ಅಂದು ಮುಖಕ್ಕೆ ಏನೇನೋ ಬಳಿದುಕೊಂಡು ಬರುತ್ತಾರೆ. ಮೊಡವೆಯ ಕಲೆ ಮುಚ್ಚಲೆಂದು ಹಾಕಿದ ಪೌಡರ್ ಕಲೆಯನ್ನು ಹಾಗೇ ಬಿಟ್ಟು ಇಡೀ ಮುಖವನ್ನು ಬೂದಿ ಮಾಡಿರುತ್ತದೆ. ಮುಖ ಒಂದು ಬಣ್ಣ, ಕತ್ತು ಇನ್ನೊಂದು. ಬಯ್ಯಬೇಕೆಂದು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ನನ್ನ ಅಕ್ಕ ನೆನಪಾಗುತ್ತಾಳೆ. ಸುಮ್ಮನೆ ಕರವಸ್ತ್ರ ತೆಗೆದು ಅವರ ಕತ್ತಿನ ಅಂಚು ಒರೆಸಿ ಕಳಿಸುತ್ತೇನೆ.

ನಾನು ಮಕ್ಕಳಿಗೆ ಹೇಳಿಕೊಡುವುದು ಸಮಾಜ ವಿಜ್ಞಾನ. ಪುಸ್ತಕದಲ್ಲಿ ರಾಜರ ಇಸವಿಗಳಿವೆ, ಕದನಗಳಿವೆ. ಹೆಂಗಸರು ಕನ್ನಡಿಯ ಮುಂದೆ ನಿಂತು ಕಳೆದ ಕಾಲಕ್ಕೆ ಅದರಲ್ಲಿ ಪುಟವಿಲ್ಲ. ಇರಬೇಕಿತ್ತು ಎಂದು ನನ್ನ ಅನಿಸಿಕೆ.

ನಮ್ಮ ತೌರುಮನೆ ಕಳಸದ ಹತ್ತಿರ. ಒಂದಿಷ್ಟು ಕಾಫಿ, ಸ್ವಲ್ಪ ಅಡಿಕೆ, ಕೆಳಗೆ ಗದ್ದೆ. ಅಜ್ಜಿಯ ಕಾಲದಲ್ಲಿ ಅಲಂಕಾರದ ಸಾಮಾನೆಲ್ಲ ಅಡುಗೆಮನೆಯ ಅಟ್ಟದಲ್ಲೇ ಇರುತ್ತಿತ್ತು. ತಲೆಗೆ ಸೀಗೆಪುಡಿ, ಮೈಗೆ ಹೆಸರುಹಿಟ್ಟು, ಮುಖಕ್ಕೆ ಕಸ್ತೂರಿ ಅರಿಶಿನ, ಕಣ್ಣಿಗೆ ಮನೆಯಲ್ಲೇ ಹಿಡಿದ ಕಾಡಿಗೆ. ಚಳಿಗಾಲದಲ್ಲಿ ಒಡೆದ ತುಟಿಗೂ ಹಿಮ್ಮಡಿಗೂ ಮುರುಗಲು ತುಪ್ಪ. ಈಗ ಅದೇ ಮುರುಗಲು ತುಪ್ಪ ಕೋಕಂ ಬಟರ್ ಎಂಬ ಹೆಸರು ಹೊತ್ತು ದುಬಾರಿ ಕ್ರೀಮುಗಳ ಡಬ್ಬಿಯ ಮೇಲೆ ಕಾಣಿಸಿಕೊಂಡಾಗ, ಅಜ್ಜಿ ಇದ್ದಿದ್ದರೆ ಎಷ್ಟು ನಗುತ್ತಿದ್ದಳೋ!

ಆದರೆ ಇವೆಲ್ಲ ಚರ್ಮವನ್ನು ತೊಳೆಯುವ, ಮೆದು ಮಾಡುವ ವಸ್ತುಗಳು. ಕಲೆ ಮುಚ್ಚುವ ಕೆಲಸ ಇವುಗಳಿಂದ ಆಗುತ್ತಿರಲಿಲ್ಲ. ಕಲೆಗಳಿಗೇನೂ ಬರವಿರಲಿಲ್ಲ ಅನ್ನಿ. ಮಳೆಗಾಲದಲ್ಲಿ ಇಂಬಳ ಕಚ್ಚಿದ್ದನ್ನು ಕೆರೆದುಕೊಂಡು ಕಾಲ ಮೇಲೆ ಕಪ್ಪು ಚುಕ್ಕೆ. ಕೊಯ್ಲು ಮುಗಿದು ಕಾಫಿ ಕಣಕ್ಕೆ ಬಂದಿತೆಂದರೆ ಹೆಂಗಸರ ಕೆನ್ನೆಯ ಮೇಲೆ ಬಂಗು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮರದ ನೆರಳಿಲ್ಲದ ಕಣದಲ್ಲಿ ನಿಂತು ಹಣ್ಣು ಕೆದಕಿದವರ ಮುಖ ನೋಡಿದರೆ ಸಾಕು, ಬಂಗು ಯಾಕೆ ಬರುತ್ತದೆಂದು ಯಾವ ಡಾಕ್ಟರೂ ಹೇಳಬೇಕಾಗಿಲ್ಲ. ಬಸಿರಿನಲ್ಲಿ ಅದು ಶುರುವಾಗುವುದೂ ಉಂಟು, ಗರ್ಭನಿರೋಧಕ ಮಾತ್ರೆಯಿಂದಲೂ ಉಂಟು. ಎಲ್ಲದಕ್ಕೂ ಗೊಬ್ಬರ ಹಾಕುವುದು ಬಿಸಿಲೇ. ಅಜ್ಜಿಗೂ ಬಂಗು ಇತ್ತು. ಅವಳು ಅದನ್ನು ಯಾವತ್ತೂ ಮುಚ್ಚಿಕೊಂಡವಳಲ್ಲ.

ಮುಚ್ಚಿಕೊಳ್ಳಬೇಕು ಎನ್ನುವ ಆಸೆ ನಮ್ಮ ಗುಡ್ಡಗಳಿಗೆ ಬಂದದ್ದು ಅಂಗಡಿಯ ಗಾಜಿನ ಬೀರುವಿನಿಂದ ಎಂದು ಕಾಣುತ್ತದೆ. 1916ರ ಹೊತ್ತಿಗೆ ಮೈಸೂರು ಸಂಸ್ಥಾನ ಗಂಧದ ಸಾಬೂನಿಗೆ ಕೈಹಾಕಿತ್ತು. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತುಹೋಗಿ, ಮರವೆಲ್ಲ ಇಲ್ಲೇ ಉಳಿದದ್ದು ಅದಕ್ಕೆ ಕಾರಣ. 1919ರಲ್ಲಿ ಮುಂಬಯಿಯ ಪಾಟನ್‌ವಾಲಾ ಎಂಬವರು ಅಫ್ಘಾನ್ ಸ್ನೋ ತಂದರು. 1952ರಲ್ಲಿ ಟಾಟಾ ಮನೆತನದಿಂದ ಲ್ಯಾಕ್ಮೆ ಬಂತು. ಒಂದು ಫ್ರೆಂಚ್ ಸಂಗೀತ ನಾಟಕದ ನಾಯಕಿಯ ಹೆಸರದು, ಮೂಲದಲ್ಲಿ ನಮ್ಮ ಲಕ್ಷ್ಮಿಯೇ. ಆಮೇಲೆ ಪಾಂಡ್ಸ್, ಕ್ಯೂಟಿಕ್ಯೂರಾ ಡಬ್ಬಿಗಳು. ನನ್ನ ಅಮ್ಮ ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಒಂದು ಸ್ನೋ ಬಾಟಲಿ ತಂದಿದ್ದಳು. ಖಾಲಿಯಾದ ಮೇಲೂ ಅದರಲ್ಲಿ ಸೂಜಿ, ಗುಂಡಿ ಹಾಕಿಟ್ಟುಕೊಂಡು ಬಹಳ ವರ್ಷ ಬಳಸಿದಳು.

ಈ ಸ್ನೋ ಎಂಬುದರ ಗುಟ್ಟು ಇಷ್ಟೇ: ಸ್ಟಿಯರಿಕ್ ಆಮ್ಲ, ನೀರು, ಒಂಚೂರು ಕ್ಷಾರ. ತಿಕ್ಕಿದರೆ ಮಾಯವಾಗುತ್ತದೆ, ಹೊಳಪಿನ ತೆಳು ಪದರ ಉಳಿಯುತ್ತದೆ. ಪೌಡರ್ ಎಂದರೆ ಟಾಲ್ಕ್, ನುಣ್ಣಗೆ ಅರೆದ ಬಿಳಿಯ ಕಲ್ಲು. ಬೆವರು ಹೀರಲು ಅದು ಒಳ್ಳೆಯದೇ. ಎರಡೂ ಬಿಳಿ, ಎರಡಕ್ಕೂ ಮುಚ್ಚುವ ಶಕ್ತಿಯಿಲ್ಲ. ಕಂದು ಮುಖದ ಮೇಲೆ ಬಿಳಿ ಪುಡಿ ಕೂತರೆ ಬೂದಿಯಾಗದೆ ಇನ್ನೇನಾದೀತು? 1975ರಲ್ಲಿ ಫೇರ್ ಅಂಡ್ ಲವ್ಲಿ ಬಂದ ಮೇಲಂತೂ ಬೆಳ್ಳಗಾಗುವುದೇ ಚೆಂದವಾಗುವುದು ಎಂದು ಗಟ್ಟಿಯಾಗಿಬಿಟ್ಟಿತು. ಆ ಹೆಸರಿನಿಂದ ಫೇರ್ ಎಂಬ ಪದ ಬಿದ್ದುಹೋಗಲು 2020 ಬರಬೇಕಾಯಿತು. ಅಷ್ಟು ವರ್ಷ ನಮ್ಮ ಕಡೆಯ ಅಂಗಡಿಗಳಲ್ಲಿ ನಮ್ಮ ಮೈಬಣ್ಣದ ಡಬ್ಬಿಯೊಂದನ್ನು ನಾನು ಕಂಡದ್ದಿಲ್ಲ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ.

ಹದಿನೇಳನೇ ವಯಸ್ಸಿಗೆ ಅಕ್ಕನ ಗಲ್ಲದ ಎಡಗಡೆ ನಾಲ್ಕಾಣೆ ಅಗಲದ ಬಿಳಿ ಮಚ್ಚೆ ಕಾಣಿಸಿಕೊಂಡಿತು. ಚಿಕ್ಕಮಗಳೂರಿನ ಡಾಕ್ಟರು ಸೂಜಿಯ ಮೊನೆಯಿಂದ ಮೆಲ್ಲಗೆ ಮುಟ್ಟಿ, ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಕೇಳಿ, ಇದು ಕುಷ್ಠವಲ್ಲ, ತೊನ್ನು, ಅಂಟುವುದಿಲ್ಲ ಎಂದರು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮರಗಟ್ಟುತ್ತದೆ, ತೊನ್ನಿನಲ್ಲಿ ಹಾಗಾಗುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹವೇ ತಪ್ಪು ತಿಳಿದು ಕೊಂದುಹಾಕುವುದರಿಂದ ಬರುವ ಬಿಳುಪು ಅದು. ಡಾಕ್ಟರ ಮಾತು ಕೊಪ್ಪೆ ಹೊದ್ದು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಬೆಲೆ ಕಳೆದುಕೊಂಡಿತು. ಊರಿನವರ ಬಾಯಲ್ಲಿ ಅದು ಬಿಳಿ ಕುಷ್ಠವೇ. ಕುಷ್ಠವೆಂದರೆ ಆಗ ಕಾನೂನಿನಲ್ಲೂ ವಿಚ್ಛೇದನಕ್ಕೆ ಕಾರಣ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಆ ಮಾತನ್ನು ಕಿತ್ತುಹಾಕಿದ್ದು 2019ರಲ್ಲಿ.

1985ರಲ್ಲಿ ಮೂಡಿಗೆರೆ ಕಡೆಯಿಂದ ಗಂಡಿನವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ನಾನಾಗ ಹೈಸ್ಕೂಲು. ಅಮ್ಮ ಹಿಂದಿನ ದಿನವೇ ಅಕ್ಕನನ್ನು ಕೂರಿಸಿಕೊಂಡು ಅರಿಶಿನ ಹಚ್ಚಿ ನೋಡಿದಳು. ಮಚ್ಚೆ ಹಳದಿಯಾಯಿತು. ಪೌಡರ್ ಹಾಕಿದಳು. ಸುತ್ತಲಿನ ಚರ್ಮ ಬೂದಿಯಾಯಿತು, ಮಚ್ಚೆ ಎದ್ದು ನಿಂತಿತು. ಅಜ್ಜಿ ಒಳಗಿನಿಂದ, "ಎಂತ ಮಾರಾಯ್ತಿ, ಗೋಡೆಗೆ ಸುಣ್ಣ ಹೊಡೆದ ಹಾಗೆ ಕಾಣ್ತದಲ್ಲ" ಎಂದಳು. ಅಕ್ಕ ಬಚ್ಚಲಿಗೆ ಹೋಗಿ ಮುಖ ತೊಳೆದು, ಹಂಡೆಯ ಪಕ್ಕದಲ್ಲೇ ಬಹಳ ಹೊತ್ತು ಕೂತುಬಿಟ್ಟಳು.

ದಾರಿ ತೋರಿಸಿದ್ದು ನಮ್ಮ ಸೋದರಮಾವ. ಆತ ಬಯಲಾಟದ ಹುಚ್ಚಿನವನು. ಘಟ್ಟ ಹತ್ತಿ ಮೇಳ ಬಂದಾಗಲೆಲ್ಲ ಚೌಕಿಯಲ್ಲಿ ಕೂತು, ಸ್ತ್ರೀವೇಷದವರು ಮುಖಕ್ಕೆ ಬಣ್ಣ ಹಾಕುವುದನ್ನು ನೋಡಿ ನೋಡಿ ಕಲಿತಿದ್ದ. ತಾನೂ ಹವ್ಯಾಸಕ್ಕೆ ವೇಷ ಕಟ್ಟುತ್ತಿದ್ದ. ಹಿಂದಿನವರು ಅರದಾಳ, ಇಂಗಳೀಕ ತೇಯುತ್ತಿದ್ದರು. ಅರದಾಳವೆಂದರೆ ಪಾಷಾಣದ ಜಾತಿ, ಇಂಗಳೀಕವೆಂದರೆ ಪಾದರಸದ ಅದಿರು. ಕಲೆಗಾಗಿ ಆ ಜನ ಮುಖದ ಮೇಲೆ ಏನನ್ನು ಹೊತ್ತರೆಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಾವ ತಂದದ್ದು ಅವನ್ನಲ್ಲ, ಪೇಟೆಯಲ್ಲಿ ಸಿಗುವ ಬಣ್ಣದ ಪುಡಿಗಳನ್ನು. ಎಡ ಅಂಗೈಯಲ್ಲಿ ಕೊಬ್ಬರಿ ಎಣ್ಣೆ ಹನಿಸಿ ಮೊದಲು ಬಿಳಿ, ಅದಕ್ಕೆ ಹಳದಿ, ಆಮೇಲೆ ಕೆಂಪು ಸೇರಿಸಿದ. ಅಕ್ಕನ ಕೆನ್ನೆಯನ್ನೂ ತನ್ನ ಅಂಗೈಯನ್ನೂ ಬಾಗಿಲ ಬೆಳಕಿನಲ್ಲಿ ಹಿಡಿದು ಹಿಡಿದು ನೋಡಿದ. ಕೊನೆಗೆ ಕಾಡಿಗೆಯನ್ನು ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ತೆಗೆದು ಬೆರೆಸಿ, ಮಚ್ಚೆಯ ಮೇಲೆ ಮಾತ್ರ ತಟ್ಟಿ ತಟ್ಟಿ ಇಟ್ಟ, ತಿಕ್ಕಲಿಲ್ಲ. ಮೇಲೆ ಒಂಚೂರು ಪೌಡರ್ ಒತ್ತಿ ಒರೆಸಿದ. ಮಚ್ಚೆ ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ.

ಬಹಳ ಕಾಲದ ಮೇಲೆ ನನಗೆ ತಿಳಿದದ್ದೇನೆಂದರೆ, ದೊಡ್ಡ ಕಂಪನಿಗಳ ಫೌಂಡೇಶನ್, ಕನ್ಸೀಲರ್‌ಗಳಲ್ಲಿ ಇರುವುದೂ ಇದೇ ಲೆಕ್ಕ. ಬಿಳಿಗೆ ಟೈಟಾನಿಯಂ ಇಲ್ಲವೆ ಸತುವಿನ ಆಕ್ಸೈಡ್, ಮೇಲೆ ಹಳದಿ, ಕೆಂಪು, ಕಪ್ಪು ಕಬ್ಬಿಣದ ಆಕ್ಸೈಡ್‌ಗಳು. ಜಗತ್ತಿನ ಎಲ್ಲ ಮೈಬಣ್ಣವೂ ಈ ನಾಲ್ಕರಿಂದಲೇ. ಕೆಮ್ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡೇ. ಕಳಸದ ಪಕ್ಕದ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆಯುತ್ತಿದ್ದ ಮ್ಯಾಗ್ನೆಟೈಟ್ ಕೂಡ ಕಪ್ಪು ಕಬ್ಬಿಣದ ಆಕ್ಸೈಡೇ. ಪ್ರಸಾಧನಕ್ಕೆ ಬಳಸುವುದನ್ನು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ, ಆ ಮಾತು ಬೇರೆ. ಅಮೆರಿಕದ ಲಿಡಿಯಾ ಓಲಿಯರಿ ಎಂಬಾಕೆ ತನ್ನ ಮುಖದ ಹುಟ್ಟುಮಚ್ಚೆ ಮುಚ್ಚಲು 1928ರಲ್ಲಿ ಕವರ್‌ಮಾರ್ಕ್ ಎಂಬ ಲೇಪ ಮಾಡಿ, ಅದಕ್ಕೆ ಪೇಟೆಂಟನ್ನೂ ಪಡೆದಳಂತೆ. ನಮ್ಮ ಮಾವನಿಗೆ ಯಾರು ಕೊಡಬೇಕು ಪೇಟೆಂಟ್!

ಮದುವೆಯಾಯಿತು. ಮಚ್ಚೆಯ ವಿಷಯ ಗಂಡಿನವರಿಗೆ ಯಾರೂ ಹೇಳಲಿಲ್ಲ. ಅಪ್ಪಯ್ಯ ಹೇಳಬೇಕೆಂದಿದ್ದರು, ಅಮ್ಮ ಬಿಡಲಿಲ್ಲ. ಅದು ತಪ್ಪೆಂದು ಅಮ್ಮನಿಗೂ ಗೊತ್ತಿತ್ತು. ಅಕ್ಕ ಗಂಡನ ಮನೆಯಲ್ಲಿ ದಿನಾ ಎಲ್ಲರಿಗಿಂತ ಮೊದಲು, ನಾಲ್ಕು ಗಂಟೆಗೆ ಎದ್ದು ಬಚ್ಚಲಲ್ಲಿ ಬುಡ್ಡಿ ದೀಪ ಹಚ್ಚಿ ಬಣ್ಣ ಹಾಕಿಕೊಳ್ಳುತ್ತಿದ್ದಳಂತೆ. ಒಲೆಯ ಮುಂದೆ ಬೆವರಿದರೆ ಸೆರಗಿನಿಂದ ಒರೆಸುವಂತಿಲ್ಲ, ಒತ್ತಬೇಕು. ರಾತ್ರಿ ದೀಪ ಆರಿದ ಮೇಲೆ ಕೊಬ್ಬರಿ ಎಣ್ಣೆಯಿಂದ ತೆಗೆಯಬೇಕು. ಆ ವರ್ಷದ ಮಳೆಗಾಲಕ್ಕೆ ಡಬ್ಬಿ ಖಾಲಿಯಾಯಿತು. ಮಾವನಿಗೆ ಸುದ್ದಿ ಮುಟ್ಟಿಸೋಣವೆಂದರೆ ರಸ್ತೆಗೆ ಮರ ಬಿದ್ದು ಬಸ್ಸಿಲ್ಲ. ಮೂರು ದಿನ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು ಹಲ್ಲುನೋವೆಂದಳು. ನಾಲ್ಕನೇ ದಿನ ಭಾವ ಮೆಲ್ಲಗೆ ಕೇಳಿದರಂತೆ: "ಬಣ್ಣ ಖಾಲಿ ಆಯ್ತಾ?"

ಅವರಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಅಕ್ಕನ ಅತ್ತೆಗೆ ಗೊತ್ತಾದದ್ದು ಅಂದು. ಆಕೆ ಎರಡು ವರ್ಷ ನಮ್ಮಮ್ಮನ ಜೊತೆ ಮಾತಾಡಲಿಲ್ಲ. ಆಕೆಯ ಸಿಟ್ಟಿನಲ್ಲಿ ನ್ಯಾಯವಿತ್ತೆಂದೇ ನಾನು ಈಗಲೂ ಹೇಳುತ್ತೇನೆ. ಭಾವನದ್ದೂ ನನಗೆ ಪೂರ್ತಿ ಮೆಚ್ಚಿಗೆಯಲ್ಲ. ಗೊತ್ತಿದ್ದ ಮೇಲೆ ಅಷ್ಟು ದಿನ ಅವಳನ್ನು ನಾಲ್ಕು ಗಂಟೆಗೆ ಏಳಲು ಬಿಟ್ಟದ್ದೇಕೆ? ಕೇಳಿದರೆ, "ಅವಳೇ ಹೇಳಲಿ ಅಂತ ಕಾದೆ" ಎನ್ನುತ್ತಾರೆ.

1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಬೆಳೆ ಸುಟ್ಟುಹೋಯಿತು, ಇಲ್ಲಿ ರೇಟು ಏರಿತು. ಅದೇ ವರ್ಷ ಸುಷ್ಮಿತಾ ಸೇನ್ ಭುವನಸುಂದರಿಯಾದಳು, ಐಶ್ವರ್ಯಾ ರೈ ವಿಶ್ವಸುಂದರಿಯಾದಳು. ಅಲ್ಲಿಂದ ಮುಂದಿನ ವರ್ಷಗಳಲ್ಲಿ ನಮ್ಮ ಸಣ್ಣ ಪೇಟೆಗಳಲ್ಲೂ ಬ್ಯೂಟಿ ಪಾರ್ಲರ್ ಬೋರ್ಡುಗಳು ಎದ್ದವು. ಜೊತೆಗೆ ಔಷಧಿ ಅಂಗಡಿಯ ಮುಲಾಮುಗಳೂ ಬಂದವು. ಬಂಗಿಗೆಂದು ಯಾರೋ ಹೇಳಿದ ಟ್ಯೂಬು ಹಚ್ಚಿ, ತಿಂಗಳೊಳಗೆ ಮುಖ ಹೊಳೆದು, ಬಿಟ್ಟ ಕೂಡಲೇ ಕೆಂಪಾಗಿ ಉರಿದು ಮೊಡವೆ ಎದ್ದವರಲ್ಲಿ ನಾನೂ ಒಬ್ಬಳು. ಅದರಲ್ಲಿದ್ದದ್ದು ಸ್ಟೀರಾಯ್ಡ್. ಇಂತಹ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಬಿಗಿಮಾಡಿತು. ಚರ್ಮವೈದ್ಯರನ್ನು ಕೇಳದೆ ಟ್ಯೂಬು ಮುಟ್ಟಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದೂ ಬೇಡ, ಚರ್ಮ ಸುಟ್ಟು ಇನ್ನೂ ಕಪ್ಪಾಗುತ್ತದೆ. ಹಣೆಯ ಸ್ಟಿಕ್ಕರ್ ಬಿಂದಿಯ ಜಾಗ ಬೆಳ್ಳಗಾಗುತ್ತಿದ್ದರೆ ಅಂದೇ ಅದನ್ನು ಬಿಡಿ. ಕೆಲವು ಅಂಟುಗಳಲ್ಲಿನ ರಾಸಾಯನಿಕ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ.

ನಾನೀಗ ಮಾಡುವುದು ಸುಲಭದ್ದು. ಬೆಳಿಗ್ಗೆ ಕಂದು ಬಣ್ಣ ಬೆರೆತ ಸನ್‌ಸ್ಕ್ರೀನ್. ಅದರಲ್ಲಿನ ಕಬ್ಬಿಣದ ಆಕ್ಸೈಡ್ ಬಂಗನ್ನು ಅಷ್ಟಿಷ್ಟು ಮರೆಸುತ್ತದೆ, ಬಂಗು ಹೆಚ್ಚಿಸುವ ಬೆಳಕನ್ನೂ ತಡೆಯುತ್ತದೆ. ಮಧ್ಯಾಹ್ನ ಕೊಡೆ. ಎಲ್ಲಿಗಾದರೂ ಹೋಗುವಾಗ ಕಲೆಯ ಮೇಲಷ್ಟೇ ಕನ್ಸೀಲರ್, ಉಂಗುರ ಬೆರಳಿನಿಂದ ತಟ್ಟಿ. ಕಣ್ಣ ಕೆಳಗಿನ ಕಪ್ಪಿಗೆ ಕಿತ್ತಳೆ ಛಾಯೆಯದು ತುಸು ಮೊದಲು. ಬಣ್ಣ ಆರಿಸುವಾಗ ಅಂಗಡಿಯ ಟ್ಯೂಬ್‌ಲೈಟ್ ನಂಬದೆ, ದವಡೆಯ ಅಂಚಿಗೆ ಹಚ್ಚಿಕೊಂಡು ಬಾಗಿಲಾಚೆ ಬಂದು ಕನ್ನಡಿ ನೋಡುತ್ತೇನೆ. ಅಂಗಡಿಯ ಹುಡುಗಿ ಒಂದು ಛಾಯೆ ತಿಳಿಯದ್ದನ್ನೇ ಮುಂದೆ ಹಿಡಿಯುತ್ತಾಳೆ, ನಾನು ತಳ್ಳುತ್ತೇನೆ.

ಹೋದ ವರ್ಷ ನನ್ನ ಮಗಳ ಮದುವೆ. ಚಿಕ್ಕಮಗಳೂರಿನಿಂದ ಅಲಂಕಾರದ ಹುಡುಗಿ ಬಂದಿದ್ದಳು. ಅಕ್ಕನ ಮಚ್ಚೆ ಈಗ ಗಲ್ಲ ದಾಟಿ ಕತ್ತಿಗೂ ಬೆರಳುಗಳಿಗೂ ಹಬ್ಬಿದೆ. ಮನೆಯಲ್ಲಿ, ತೋಟದಲ್ಲಿ ಅವಳು ಹಾಗೇ ಇರುತ್ತಾಳೆ. ಬಿಸಿಲಿಗೆ ಬೇಗ ಸುಡುತ್ತದೆಂದು ಸನ್‌ಸ್ಕ್ರೀನ್ ಮಾತ್ರ ಬಿಡುವುದಿಲ್ಲ. ಅಂದು ತಾನೇ ಹೋಗಿ ಕುರ್ಚಿಯಲ್ಲಿ ಕೂತು, "ಫೋಟೋಕ್ಕೆ ನಂಗೂ ಸ್ವಲ್ಪ ಹಾಕು ಮಗ, ಮುಖಕ್ಕೆ ಸಾಕು, ಕೈಗೆ ಬೇಡ" ಎಂದಳು. ಹುಡುಗಿ ಹನ್ನೆರಡು ಬಣ್ಣದ ಪೆಟ್ಟಿಗೆ ತೆರೆದು ಒಂದೊಂದನ್ನೇ ಅಕ್ಕನ ಕೆನ್ನೆಗೆ ಹಿಡಿದಳು. ಯಾವುದೂ ಕೂಡಲಿಲ್ಲ. ಆಮೇಲೆ ಎಡಗೈಯ ಹಿಂಭಾಗದಲ್ಲಿ ಎರಡನ್ನು ಕಲಸಿ, ಕಿಟಕಿಯ ಹತ್ತಿರ ಹೋಗಿ ನೋಡಿ, ಇನ್ನೂ ಏನೋ ಸಾಲದೆಂದು ತಲೆ ಅಲ್ಲಾಡಿಸಿದಳು.

"ಒಂಚೂರು ಕೆಂಪು ಹಾಕು" ಎಂದಳು ಅಕ್ಕ.