ಹಾಡಿನ ಉದ್ದ ಮತ್ತು ಧ್ಯಾನ: ಕಾರವಾರ–ಅಂಕೋಲಾ ಕರಾವಳಿಯ ಕ್ರೈಸ್ತ ಪ್ರಾರ್ಥನಾಗಾನ ಕುರಿತು

ಕ್ರೈಸ್ತ ಆರಾಧನೆಯಲ್ಲಿ ಧ್ಯಾನಗಾನದ ಮಾತು ಬಂದರೆ ಇಂದಿನ ಚರ್ಚೆ ಬಹುಬೇಗ ಫ್ರಾನ್ಸಿನ ತೆಝೆಗೆ ಹೋಗಿ ನಿಲ್ಲುತ್ತದೆ. ಬರ್ಗಂಡಿ ಸೀಮೆಯ ಆ ಹಳ್ಳಿಯಲ್ಲಿ 1940ರಲ್ಲಿ ರೋಜೆ ಶುಟ್ಜ್ ನೆಲೆಸಿದರು. ಮುಂದೆ ಅಲ್ಲಿ ಬೆಳೆದ ಸೋದರ ಸಂಘದ ಪ್ರಾರ್ಥನೆಗಳಿಗೆ ಜಾಕ್ ಬೆರ್ತಿಯೆ (1923–1994) ರಾಗ ಹಾಕಿದರು. ಒಂದೆರಡು ಸಾಲು, ಅದೇ ಸಾಲು ಮತ್ತೆ ಮತ್ತೆ, ಕೊನೆಗೆ ಮೌನ. ಇದನ್ನೇ ಅಳತೆಗೋಲು ಮಾಡಿಕೊಂಡು ಕಾರವಾರ, ಅಂಕೋಲಾಗಳ ಇಗರ್ಜಿಗಳತ್ತ ನೋಡಿದರೆ ಇಲ್ಲಿ ಅಂಥ ಗಾನಕ್ಕೆ ಬೇರೇ ಇಲ್ಲವೆನಿಸೀತು. ನನ್ನ ವಾದ ಬೇರೆ. ಈ ಕರಾವಳಿಯ ಕೊಂಕಣಿ ಕಥೋಲಿಕ ಪರಂಪರೆಯಲ್ಲಿ ಧ್ಯಾನ ನೆಲೆಸಿದ್ದು ಹಾಡಿನ ಉದ್ದದಲ್ಲಿ. ಹಾಡು ಚಿಕ್ಕದಿರಬೇಕೆ ದೊಡ್ಡದಿರಬೇಕೆ ಎಂಬುದನ್ನು ದೈವಶಾಸ್ತ್ರಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಕೂಡಿದ ಜನರ ಭಾಷೆ.

ಇದಕ್ಕೆ ಮೊದಲ ಸಾಕ್ಷಿ ಕಾರವಾರದ ಕಾಳಿ ನದಿಯ ಕಡೆಯದೇ. ಗೋವೆಯ ಪಾದ್ರಿ ಜೊವಾಕಿಂ ದ ಮಿರಾಂದಾ ಹದಿನೆಂಟನೆಯ ಶತಮಾನದಲ್ಲಿ ಕೆನರಾ ಸೀಮೆಗೆ ಧರ್ಮಸೇವೆಗೆ ಬಂದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಕಾಳಿಯ ಬಳಿ ಸೆರೆಯಲ್ಲಿದ್ದಾಗ ಅವರು ‘ರಿಗ್ಲೊ ಜೆಜು ಮೊಳ್ಯಾಂತ್’ ಎಂಬ ನೀಳ್ಗವಿತೆಯನ್ನು ಕಟ್ಟಿದರೆಂದು ಕೊಂಕಣಿ ಸಾಹಿತ್ಯ ಚರಿತ್ರೆ ಹೇಳುತ್ತದೆ. ಯೇಸು ತೋಟವನ್ನು ಹೊಕ್ಕ ರಾತ್ರಿಯನ್ನೇ ಅದರ ಶೀರ್ಷಿಕೆ ಹೇಳುತ್ತದೆ. ಶಿಷ್ಯರು ನಿದ್ದೆಹೋಗುವ, ಗುರು ಒಬ್ಬನೇ ಎಚ್ಚರವಿರುವ, ಕೊನೆಗೆ ಸೈನಿಕರು ಬಂದು ಹಿಡಿದೊಯ್ಯುವ ರಾತ್ರಿ ಅದು. ಸೆರೆಯಾಳಾದ ಪಾದ್ರಿ ಸುವಾರ್ತೆಯ ಇಷ್ಟೊಂದು ಪ್ರಸಂಗಗಳಲ್ಲಿ ಇದನ್ನೇ ಆರಿಸಿಕೊಂಡದ್ದು ಆಕಸ್ಮಿಕವೇ? ಕವಿಯ ಬದುಕನ್ನು ಕಾವ್ಯಕ್ಕೆ ನೇರವಾಗಿ ಅಂಟಿಸುವುದು ಅಪಾಯದ ಅಭ್ಯಾಸ. ತಪಸ್ಸುಕಾಲದ ಭಕ್ತಿಗೆ ಯೇಸುವಿನ ಪಾಡಿನ ಕಥೆ ಹೇಗೂ ಬೇಕೇಬೇಕು, ಆದ್ದರಿಂದ ಸೆರೆಯೊಂದೇ ಕಾರಣವೆನ್ನಲಾಗದು. ಆದರೂ ಸೆರೆಯ ನೆನಪು ಹಾಡಿನ ಜೊತೆಗೇ ಉಳಿದುಬಂದಿದೆ, ಅದನ್ನು ಕಡೆಗಣಿಸುವುದೂ ಸರಿಯಲ್ಲ.

ಹಾಡು ಗಟ್ಟಿಯಾಗಿ ಬೇರೂರಿದ್ದು ದಕ್ಷಿಣಕ್ಕೆ, ಮಂಗಳೂರು ಕಥೋಲಿಕರ ತಪಸ್ಸುಕಾಲದ ಗಾನದಲ್ಲಿ. ಇಲ್ಲಿ ನಮಗೆ ಮುಖ್ಯವಾದುದು ಅದರ ರಚನೆ. ಪದ್ಯದ ಮೇಲೆ ಪದ್ಯ ಬರುತ್ತದೆ, ಕಥೆ ಮುಂದೆ ಸಾಗುತ್ತದೆ, ಧಾಟಿ ಮಾತ್ರ ಇದ್ದಲ್ಲೇ ಇರುತ್ತದೆ. ನಾಲ್ಕಾರು ಪದ್ಯ ಕಳೆಯುವಷ್ಟರಲ್ಲಿ ರಾಗದ ಕಡೆ ಗಮನವಿಡುವ ಅಗತ್ಯ ಹಾಡುವವರಿಗೆ ಇರುವುದಿಲ್ಲ, ನಾಲಗೆ ತಾನೇ ಅದನ್ನು ನೋಡಿಕೊಳ್ಳುತ್ತದೆ. ಬಿಡುವಾದ ಮನಸ್ಸು ತೋಟದ ದೃಶ್ಯದಲ್ಲಿ ನಿಲ್ಲುತ್ತದೆ. ತೆಝೆಯಲ್ಲಿ ಪದವೂ ರಾಗವೂ ಎರಡೂ ಸ್ಥಿರ, ಇಲ್ಲಿ ರಾಗವೊಂದೇ ಸ್ಥಿರ. ಈ ವ್ಯತ್ಯಾಸ ಸಣ್ಣದಲ್ಲ. ಒಂದೇ ಧಾಟಿಯಲ್ಲಿ ದೀರ್ಘ ಕಥನವನ್ನು ಹೊರುವ ಕ್ರಮ ಈ ನೆಲಕ್ಕೆ ಹೊಸದೂ ಅಲ್ಲ. ಸಾವಿರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡು 2017ರಲ್ಲಿ ಪದ್ಮಶ್ರೀ ಪಡೆದ, ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ ಅಂಕೋಲೆಯ ಬಡಗೇರಿಯವರು. ಹಾಲಕ್ಕಿ ಹಾಡಿನಿಂದ ಕ್ರೈಸ್ತ ಹಾಡು ಹುಟ್ಟಿತೆಂದು ಇದರಿಂದ ಹೇಳುವಂತಿಲ್ಲ. ಎರಡಕ್ಕೂ ಒಂದೇ ಬಗೆಯ ಕಿವಿ ಸಿಕ್ಕಿತ್ತು ಎನ್ನುವಷ್ಟಕ್ಕೆ ಅಡ್ಡಿಯಿಲ್ಲ.

ಎರಡನೆಯ ರೂಪ ಮನೆಯದು: ತೆರ್ಸ್ ಎಂಬ ಜಪಮಾಲೆ ಪ್ರಾರ್ಥನೆ ಮತ್ತು ಅದರ ಬೆನ್ನಿಗೆ ಲದಿನ್. ಜಪಮಾಲೆಯ ಒಂದು ಸುತ್ತಿನಲ್ಲಿ ನಮೋ ಮರಿಯಾ 53 ಸಲ ಬರುತ್ತದೆ. ಮುಂದಾಳು ಅರ್ಧ ಹೇಳುತ್ತಾರೆ, ಉಳಿದರ್ಧ ನೆರೆದವರದು. ಮುಂದಾಳಿನ ಮಾತು ಮುಗಿಯುವ ಮೊದಲೇ ಗುಂಪು ಎತ್ತಿಕೊಳ್ಳುತ್ತದೆ, ಹೀಗಾಗಿ ನಡುವೆ ಬಿರುಕೇ ಇರುವುದಿಲ್ಲ. ತೆಝೆಯ ಮೌನಕ್ಕೆ ಇದು ತೀರ ಎದುರು. ಆದರೆ ಪ್ರತಿ ಹತ್ತು ಮಣಿಗೆ ಒಂದು ರಹಸ್ಯವನ್ನು ಧ್ಯಾನಿಸಬೇಕೆಂಬ ವಿಧಿ ಇರುವುದರಿಂದ, ಎಡೆಬಿಡದ ಸದ್ದೇ ಇಲ್ಲಿ ಮೌನದ ಕೆಲಸ ಮಾಡುತ್ತದೆ.

ಪೋಪ್ ಐದನೆಯ ಸಿಕ್ಸ್ಟಸ್ 1587ರಲ್ಲಿ ಒಪ್ಪಿಗೆ ಕೊಟ್ಟ ಲೊರೆತೊ ಪ್ರಾರ್ಥನಾಮಾಲೆಯೇ ಈ ಲದಿನ್. ಮಾತೆಗೆ ಒಂದೊಂದು ಬಿರುದು, ಪ್ರತಿ ಬಿರುದಿಗೂ ಅದೇ ಉತ್ತರ. ಕಥನಗೀತೆಯಲ್ಲಿ ಒಂದು ಪದ್ಯ ಬಿಟ್ಟರೆ ಕಥೆ ಕುಂಟುತ್ತದೆ. ಲದಿನ್‌ನಲ್ಲಿ ಎಲ್ಲಿ ಬೇಕಾದರೂ ಹೊಸ ಬಿರುದು ಸೇರಿಸಬಹುದು, ಧಾಟಿಗೆ ಏನೂ ಆಗದು. 2020ರಲ್ಲಿ ಪೋಪ್ ಫ್ರಾನ್ಸಿಸ್ ಹಾಗೆ ಮೂರನ್ನು ಸೇರಿಸಿದರು. ಅವುಗಳಲ್ಲೊಂದು ವಲಸಿಗರಿಗೆ ಸಾಂತ್ವನ ನೀಡುವ ತಾಯಿ. ಗೋವೆಯಿಂದ ವಲಸೆ ಬಂದವರ ಸಂತತಿ ನೆಲೆಸಿದ, ಸೀಬರ್ಡ್ ನೌಕಾನೆಲೆಗಾಗಿ ಊರೂರೇ ಜಾಗ ಬಿಟ್ಟ ಈ ದಂಡೆಯಲ್ಲಿ ಆ ಸಾಲು ಹೊರಗಿನದಾಗಿ ಕೇಳಿಸಲಾರದು.

ಚರ್ಚಿನ ಆಡಳಿತದಲ್ಲಿ ಗೋವೆಯ ನೆರಳು ಇಲ್ಲಿ ಬಹುಕಾಲ ಉಳಿಯಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಬಂತು, 1976ರಲ್ಲಿ ಅದರಿಂದ ಕಾರವಾರ ಬೇರೆಯಾಯಿತು. ಸರಕಾರದ ಆಡಳಿತದಲ್ಲೂ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದ್ದಾಗಿತ್ತು, 1956ರಲ್ಲಿ ಮೈಸೂರಿಗೆ ಸೇರಿತು. ಇದರ ಪರಿಣಾಮ ಹಾಡಿನ ಪುಸ್ತಕದ ಮೇಲಾಯಿತು. ಗೋವೆಯ ಕೊಂಕಣಿ ಗೀತೆಗಳು ರೋಮನ್ ಲಿಪಿಯಲ್ಲಿ, ಮಂಗಳೂರಿನವು ಕನ್ನಡದಲ್ಲಿ, ಕಾರವಾರದ ಹಿರಿಯರು ಕಲಿತದ್ದು ಮರಾಠಿ ಶಾಲೆಯ ದೇವನಾಗರಿ. ಮೂರು ಲಿಪಿಗಳ ನಡುವೆ ಬದುಕುವ ಸಮುದಾಯಕ್ಕೆ ಪುಸ್ತಕಕ್ಕಿಂತ ಬಾಯಿಪಾಠವೇ ಗಟ್ಟಿ. ಉದ್ದದ ಹಾಡು ಉಳಿಯಲು ಕಂಠಸ್ಥವಾಗಿರಬೇಕು, ಕಂಠಸ್ಥವಾಗಲು ಮನೆಮಾತು ಒಂದೇ ಇರಬೇಕು. ಇಲ್ಲಿ ಎರಡೂ ಇದ್ದವು.

ತೆಝೆಯ ಸ್ಥಿತಿ ಇದಕ್ಕೆ ತಿರುವುಮುರುವು. ನಾನಾ ದೇಶದ ಯುವಜನರು ತಂಡತಂಡವಾಗಿ ಬರತೊಡಗಿದಾಗ ಎಲ್ಲರೂ ಒಂದೇ ದಿನದಲ್ಲಿ ಕಲಿಯಬಲ್ಲ ಹಾಡು ಬೇಕಾಯಿತು. 1975ರ ಹೊತ್ತಿಗೆ ಬೆರ್ತಿಯೆ ಅವರನ್ನು ಕೇಳಿದ್ದು ಅದಕ್ಕೇ. ಲ್ಯಾಟಿನ್ ಬಳಕೆಗೂ ಕಾರಣ ಅದೇ: ಅದು ಯಾರ ಮನೆಮಾತೂ ಅಲ್ಲ. ಹಾಗೆ ನೋಡಿದರೆ ಚಿಕ್ಕ ಸಾಲು ಅಪರಿಚಿತರ ಕೂಟದ ಹಾಡು.

ಇಂದಿನ ಕಾರವಾರ ಪೇಟೆ ಆ ಕೂಟಕ್ಕೆ ಹತ್ತಿರವಾಗುತ್ತಿದೆ. ಹತ್ತಿರದ ಕೈಗಾ ಅಣುಸ್ಥಾವರ 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು, ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ಸೀಬರ್ಡ್ ನೌಕಾನೆಲೆ 2005ರಲ್ಲಿ ನೌಕಾಪಡೆಗೆ ಸೇರಿತು. ದೇಶದ ನಾನಾ ಕಡೆಯ ಕುಟುಂಬಗಳು ಇಲ್ಲಿ ನೆಲೆಸಿದವು. ಮಲಯಾಳಿ, ತಮಿಳು, ಕನ್ನಡ, ಕೊಂಕಣಿ ಮನೆಗಳವರು ಒಂದೇ ಬಲಿಪೂಜೆಯಲ್ಲಿ ಕೂತಾಗ ದೀರ್ಘ ಕೊಂಕಣಿ ಕಥನಗೀತೆ ಅರ್ಧ ಜನರನ್ನು ಹೊರಗಿಡುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾ ದಸ್ತಾವೇಜು ಜನರ ಭಾಷೆಗೆ ಬಾಗಿಲು ತೆರೆಯಿತು, ಪೂಜೆಯ ನಡುವೆ ಮೌನವನ್ನೂ ಕೇಳಿತು. ಯಾವ ಜನರ ಭಾಷೆ ಎಂಬ ಪ್ರಶ್ನೆಯನ್ನು ಆಯಾ ಪ್ರದೇಶದ ಧರ್ಮಾಧಿಕಾರಿಗಳಿಗೆ ಬಿಟ್ಟಿತು. ಪೇಟೆಯಲ್ಲಿ ಪಲ್ಲವಿಯೊಂದನ್ನೇ ತಿರುಗಿಸಿ ಹಾಡುವ ಕ್ರಮ ಬಂದರೆ ಅದನ್ನು ಪಾಶ್ಚಾತ್ಯ ಅನುಕರಣೆಯೆಂದು ತಳ್ಳಿಹಾಕುವುದು ಆತುರ. ಹಾಗೆಂದು ಅಂಕೋಲೆಯ ಹಳ್ಳಿಮನೆಯ ತೆರ್ಸ್‌ಗೆ ಅದನ್ನೇ ಹೇರಹೊರಟರೆ ಇದ್ದ ಧ್ಯಾನವೂ ಕೆಡುತ್ತದೆ.

ಈ ವಾದಕ್ಕೆ ಸುಲಭವಾಗಿ ಒಗ್ಗದ ಒಂದು ಪ್ರೊಟೆಸ್ಟಂಟ್ ಧಾರೆಯಿದೆ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಜರ್ಮನ್ ಧಾಟಿಗಳಿಗೆ ಕನ್ನಡ ಪದ ಹೊಂದಿಸಿತು. ಆ ಗೀತೆಗಳು ಲದಿನ್‌ನಂತೆ ಸುತ್ತುವುದಿಲ್ಲ, ಪಾಡಿನ ಕಥನದಷ್ಟು ಉದ್ದವೂ ಇಲ್ಲ. ಹಾಡುವವರ ಭಾಷೆ ಕನ್ನಡವೇ, ಆದರೂ ಅವು ನಾಲ್ಕೈದು ಪದ್ಯಕ್ಕೆ ಮುಗಿಯುತ್ತವೆ. ಅಲ್ಲಿ ಉದ್ದವನ್ನು ಗೊತ್ತುಮಾಡಿದ್ದು ಕೂಡಿದ ಜನರ ಮಾತಲ್ಲ, ಅಚ್ಚಾದ ಗೀತಪುಸ್ತಕ ಮತ್ತು ಉಪದೇಶದ ಹಿಂದೆಮುಂದೆ ಹಾಡಿಗೆ ಮೀಸಲಾದ ಹೊತ್ತು.