ಹಿತ್ತಲ ಕೋಳಿಗಳಿಗೆ ವಯಸ್ಸಾದಾಗ: ಎಳೆಯ ಹೇಂಟೆಗಳ ಆಯ್ಕೆ ಮತ್ತು ಸೇರ್ಪಡೆ

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವ ಮನೆಗಳಲ್ಲಿ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮೊಟ್ಟೆಗಳ ಸಂಖ್ಯೆ ಇಳಿಮುಖವಾಗುತ್ತದೆ. ಹೇಂಟೆಯು ಸಾಮಾನ್ಯವಾಗಿ ಐದಾರು ತಿಂಗಳ ವಯಸ್ಸಿಗೆ ಮೊಟ್ಟೆಯಿಡಲಾರಂಭಿಸಿ, ಮೊದಲ ವರ್ಷದಲ್ಲಿ ಅತ್ಯಧಿಕ ಇಳುವರಿ ಕೊಡುತ್ತದೆ. ಬಳಿಕ ಗರಿ ಉದುರಿಸುವ ಅವಧಿಯಲ್ಲಿ ಕೆಲವು ವಾರ ಮೊಟ್ಟೆ ನಿಲ್ಲುತ್ತದೆ. ಮತ್ತೆ ಆರಂಭವಾದರೂ ಪ್ರಮಾಣ ವರ್ಷದಿಂದ ವರ್ಷಕ್ಕೆ ತಗ್ಗುತ್ತದೆ. ಹಳೆಯ ಕೋಳಿಗಳ ಜೊತೆಗೆ ಎಳೆಯವನ್ನು ಸೇರಿಸುವುದು ಇದಕ್ಕೆ ಸಹಜ ಪರಿಹಾರ. ಆದರೆ ಪರೀಕ್ಷಿಸದೆ ತಂದ ಒಂದೇ ಕೋಳಿ ಇಡೀ ಹಿಂಡಿನ ನಾಶಕ್ಕೆ ಕಾರಣವಾಗಬಲ್ಲದು.

ಎಲ್ಲಿಂದ ತರಬೇಕು?

ಹಿತ್ತಲ ಸಾಕಣೆಗೆ ಒಗ್ಗುವ ಗಿರಿರಾಜ ಮತ್ತು ಸ್ವರ್ಣಧಾರ ತಳಿಗಳು ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಗೊಂಡವು. ವನರಾಜ ಮತ್ತು ಗ್ರಾಮಪ್ರಿಯ ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ಕೊಡುಗೆ. ಇವುಗಳಲ್ಲಿ ಮೊಟ್ಟೆಯೇ ಮುಖ್ಯವೆನ್ನುವವರಿಗೆ ಸ್ವರ್ಣಧಾರ, ಗ್ರಾಮಪ್ರಿಯ ಸೂಕ್ತ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯೂ ಇದೆ.

ಇಂತಹ ತಳಿಗಳು ಹೆಚ್ಚಾಗಿ ಒಂದು ದಿನದ ಮರಿಗಳಾಗಿ, ಸಾಮಾನ್ಯವಾಗಿ ಗಂಡು ಹೆಣ್ಣು ಬೇರ್ಪಡಿಸದೆ ಮಾರಾಟವಾಗುತ್ತವೆ. ಮೂರು ಹೇಂಟೆ ಬೇಕೆಂದವರು ಆರೇಳು ಮರಿ ತರಬೇಕಾಗುತ್ತದೆ. ಬೆಳಗಿನ ಜಾವ ಕೂಗುವ ಹುಂಜಗಳಿಗೆ ಮುಂದೇನು ವ್ಯವಸ್ಥೆ ಎಂಬುದನ್ನೂ ಮೊದಲೇ ಯೋಚಿಸಬೇಕು. ಕಾವಿಗೆ ಕುಳಿತ ಹಳೆಯ ನಾಟಿ ಕೋಳಿಯಿದ್ದರೆ ರಾತ್ರಿ ವೇಳೆ ಅದರಡಿ ಮರಿಗಳನ್ನಿಡಬಹುದು. ಅನೇಕ ಬಾರಿ ಅದು ತನ್ನವೆಂದೇ ಸಾಕುತ್ತದೆ. ಅಷ್ಟು ತಾಳ್ಮೆಯಿಲ್ಲದವರು ನಾಲ್ಕು ತಿಂಗಳು ದಾಟಿದ ಹೇಂಟೆಗಳನ್ನು ಬೆಲೆ ಹೆಚ್ಚಾದರೂ ಪರಿಚಿತ ಸಾಕಣೆದಾರರಿಂದ ಕೊಳ್ಳುವುದು ಲೇಸು.

ವಯಸ್ಸು ಗುರುತಿಸುವ ಬಗೆ

ಮೊಟ್ಟೆ ಫಾರಂಗಳು ಸುಮಾರು ಒಂದೂವರೆ ವರ್ಷ ತುಂಬಿದ ಕೋಳಿಗಳನ್ನು ವಿಲೇವಾರಿ ಮಾಡುತ್ತವೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಇವನ್ನು ಎಳೆಯವೆಂದು ಭಾವಿಸಿ ಕೊಂಡರೆ ನಷ್ಟ ಖಚಿತ. ಕೊಕ್ಕಿನ ತುದಿ ಕತ್ತರಿಸಿರುವುದು, ಗರಿ ಸವೆದಿರುವುದು, ಹಳದಿ ಕಾಲಿನ ತಳಿಗಳಲ್ಲಿ ಕಾಲು ಬಿಳಿಚಿಕೊಂಡಿರುವುದು ಬಹುಕಾಲ ಮೊಟ್ಟೆಯಿಟ್ಟ ಫಾರಂ ಕೋಳಿಯ ಲಕ್ಷಣಗಳು. ಎಳೆಯ ಹೇಂಟೆಯ ಕಾಲಿನ ಹುರುಪೆ ನುಣುಪಾಗಿರುತ್ತದೆ, ಜುಟ್ಟು ಚಿಕ್ಕದಾಗಿ ಬಣ್ಣಗೆಟ್ಟಂತಿರುತ್ತದೆ. ಮೊಟ್ಟೆಯಿಡುವ ಕಾಲ ಸಮೀಪಿಸಿದಂತೆ ಜುಟ್ಟು ಹಿಗ್ಗಿ ಕೆಂಪೇರುತ್ತದೆ. ಗುದದ್ವಾರದ ಇಕ್ಕೆಲದ ಎಲುಬುಗಳ ನಡುವೆ ಒಂದೇ ಬೆರಳು ಹಿಡಿಸಿದರೆ ಆ ಕೋಳಿ ಸದ್ಯ ಮೊಟ್ಟೆಯಿಡುತ್ತಿಲ್ಲ ಎಂದರ್ಥ.

ಪ್ರತ್ಯೇಕ ವಾಸ ಅನಿವಾರ್ಯ

ಹೊಸ ಕೋಳಿಗಳನ್ನು ಮೂರರಿಂದ ನಾಲ್ಕು ವಾರ ದೂರದಲ್ಲಿ ಪ್ರತ್ಯೇಕವಾಗಿಡಬೇಕು. ಕೊಕ್ಕರೆ ರೋಗ ಎನಿಸಿಕೊಂಡ ರಾಣಿಖೇತ್ ವೈರಾಣುವಿನಿಂದ ಬರುವ ಕಾಯಿಲೆ. ಅದಕ್ಕೆ ಔಷಧಿಯಿಲ್ಲ, ಲಸಿಕೆಯೊಂದೇ ರಕ್ಷಣೆ. ಹಿಕ್ಕೆ, ನೀರಿನ ಪಾತ್ರೆ, ಸಾಕುವವರ ಚಪ್ಪಲಿಯ ಮೂಲಕವೂ ಅದು ಹರಡುತ್ತದೆ. ಆದ್ದರಿಂದ ದಿನವೂ ಮೊದಲು ಹಳೆಯ ಹಿಂಡಿಗೆ, ನಂತರ ಹೊಸಬರಿಗೆ ಆಹಾರ ನೀಡಬೇಕು. ಸೀನು, ಉಬ್ಬಸ, ಹಸಿರು ಭೇದಿ, ಕತ್ತು ತಿರುಚುವಿಕೆ ಕಂಡೊಡನೆ ಪಶು ವೈದ್ಯರನ್ನು ಕಾಣಬೇಕು. ಹಳೆಯ ಕೋಳಿಗಳೂ ಹೊರನೋಟಕ್ಕೆ ಆರೋಗ್ಯವಾಗಿದ್ದುಕೊಂಡೇ ಉಸಿರಾಟದ ಸೋಂಕನ್ನು ಎಳೆಯವಕ್ಕೆ ದಾಟಿಸಬಲ್ಲವು. ಹೀಗಾಗಿ ಲಸಿಕೆಯ ವಿಚಾರದಲ್ಲಿ ಎರಡೂ ಗುಂಪುಗಳ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ಹಿಂಡಿಗೆ ಸೇರಿಸುವಾಗ

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬೇಕೆಂಬ ಶ್ರೇಣಿಯಿರುತ್ತದೆ. ನಾರ್ವೆಯ ವಿಜ್ಞಾನಿ ಥೋರ್ಲೀಫ್ ಷೆಲ್ಡೆರಪ್ ಎಬ್ಬೆ 1920ರ ದಶಕದ ಆರಂಭದಲ್ಲಿ ಇದನ್ನು ವಿವರಿಸಿದರು. ಹೊಸಬರು ಬಂದಾಗ ಈ ಶ್ರೇಣಿ ಮತ್ತೆ ನಿರ್ಧಾರವಾಗಬೇಕಾದ್ದರಿಂದ ಜಗಳ ಸಹಜ. ಒಂಟಿ ಕೋಳಿಯನ್ನು ಬಿಡದೆ ಎರಡು ಮೂರನ್ನು ಒಟ್ಟಿಗೆ, ಅವು ಹಳೆಯವುಗಳಷ್ಟೇ ಗಾತ್ರಕ್ಕೆ ಬೆಳೆದ ಮೇಲೆ ಸೇರಿಸಬೇಕು. ಮೊದಲ ಒಂದು ವಾರ ತಂತಿಬಲೆಯ ಆಚೀಚೆ ಇರಿಸಿ, ಬಳಿಕ ಕತ್ತಲಾದ ಮೇಲೆ ಗೂಡಿನೊಳಗೆ ಬಿಡುವುದು ಉತ್ತಮ. ಆಹಾರ, ನೀರನ್ನು ಎರಡು ಕಡೆ ಇಡಬೇಕು. ರಕ್ತ ಕಂಡರೆ ಗಾಯಗೊಂಡ ಕೋಳಿಯನ್ನು ತಕ್ಷಣ ಬೇರ್ಪಡಿಸಬೇಕು.

ಮೊಟ್ಟೆ ಕೋಳಿಯ ಆಹಾರದಲ್ಲಿ ಸುಣ್ಣದ ಅಂಶ ಅಧಿಕ. ಇನ್ನೂ ಮೊಟ್ಟೆಯಿಡದ ಹೇಂಟೆಗಳ ಮೂತ್ರಪಿಂಡಕ್ಕೆ ಅದು ಹಾನಿಕರ. ಎಲ್ಲಕ್ಕೂ ಬೆಳೆಯುವ ಕೋಳಿಯ ಆಹಾರವನ್ನೇ ಕೊಟ್ಟು, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಪಾತ್ರೆಯಲ್ಲಿಟ್ಟರೆ ಬೇಕಾದ ಕೋಳಿ ತಾನೇ ತಿನ್ನುತ್ತದೆ.

ಹಿಂಡು ಪೂರ್ತಿ ಮುದಿಯಾಗುವವರೆಗೆ ಕಾಯದೆ ವರ್ಷಕ್ಕೆ ಎರಡು ಮೂರು ಹೇಂಟೆಗಳನ್ನು ಸೇರಿಸುತ್ತ ಹೋದರೆ ಮೊಟ್ಟೆಗೆ ಬರ ಬಾರದು.