ಅಲ್ಟ್ರಾಮ್ಯಾರಥಾನ್: ಕ್ರೂ, ಪೇಸರ್ ಮತ್ತು ಸಿದ್ಧತೆ

ಮ್ಯಾರಥಾನ್‌ನ 42.195 ಕಿಲೋಮೀಟರಿಗಿಂತ ಉದ್ದವಾದ ಯಾವ ಓಟವೂ ಅಲ್ಟ್ರಾಮ್ಯಾರಥಾನ್. 50 ಕಿ.ಮೀ., 100 ಕಿ.ಮೀ. ಮತ್ತು 100 ಮೈಲಿ (161 ಕಿ.ಮೀ.) ಇದರ ಸಾಮಾನ್ಯ ದೂರಗಳು. ದೂರದ ಬದಲು ಹೊತ್ತನ್ನು ಗೊತ್ತುಮಾಡಿ, 24 ಗಂಟೆಯಲ್ಲಿ ಯಾರು ಹೆಚ್ಚು ಓಡುತ್ತಾರೆ ಎಂದು ಅಳೆಯುವ ಸ್ಪರ್ಧೆಗಳೂ ಇವೆ. ಒಂಟಿ ಮನುಷ್ಯನ ಛಲದ ಕತೆಯಾಗಿ ಇದನ್ನು ಹೇಳುವುದು ರೂಢಿ. ಆದರೆ 100 ಮೈಲಿಯ ಓಟವನ್ನು ಹತ್ತಿರದಿಂದ ನೋಡಿದರೆ, ಒಬ್ಬರು ಓಡಲು ಮೂರು ನಾಲ್ಕು ಜನ ನಿದ್ದೆಗೆಟ್ಟಿರುವುದು ಕಾಣುತ್ತದೆ. ಐಸ್ ಪೆಟ್ಟಿಗೆ ಹೊತ್ತು ದಾರಿಯುದ್ದಕ್ಕೂ ಕಾಯುವವರು ಕ್ರೂ, ಅಂದರೆ ಬೆಂಬಲ ತಂಡ. ರಾತ್ರಿ ಜೊತೆಗೆ ಓಡುವವರು ಪೇಸರ್. ಇವರು ಎಷ್ಟು ನೆರವಾಗಬಹುದು, ಎಲ್ಲಿಗೆ ಕೈ ತಡೆಯಬೇಕು ಎಂಬ ಪ್ರಶ್ನೆಯ ಸುತ್ತಲೇ ಈ ಕ್ರೀಡೆಯ ಬಹುಪಾಲು ನಿಯಮಗಳು ಬೆಳೆದಿವೆ.

ವೆಸ್ಟರ್ನ್ ಸ್ಟೇಟ್ಸ್

ಇಂದಿನ 100 ಮೈಲಿ ಓಟಗಳಿಗೆ ಮಾದರಿಯಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್. ಅದು ಹುಟ್ಟಿದ್ದು ಕುದುರೆ ಪಂದ್ಯದಿಂದ. ಸಿಯೆರಾ ನೆವಾಡ ಬೆಟ್ಟಸಾಲಿನಲ್ಲಿ 1955ರಿಂದ ಟೆವಿಸ್ ಕಪ್ ಎಂಬ 100 ಮೈಲಿಯ ಸವಾರಿ ನಡೆಯುತ್ತಿದೆ. 1973ರಲ್ಲಿ ಗೋರ್ಡಿ ಐನ್ಸ್ಲೀ ಎಂಬ ಸವಾರನ ಕುದುರೆ ಕುಂಟಿ ನಡುದಾರಿಯಲ್ಲೇ ನಿಂತಿತು. ಮರುವರ್ಷ ಆತ ಕುದುರೆಯಿಲ್ಲದೆ ಬಂದು, ಕುದುರೆಗಳ ನಡುವೆಯೇ ಓಡಿ 23 ಗಂಟೆ 42 ನಿಮಿಷದಲ್ಲಿ ಆಬರ್ನ್ ಊರು ಮುಟ್ಟಿದ. 24 ಗಂಟೆಯೊಳಗೆ ಮುಗಿಸಿದ ಸವಾರರಿಗೆ ಬೆಳ್ಳಿಯ ಬೆಲ್ಟ್ ಬಕಲ್ ಕೊಡುವ ಪದ್ಧತಿ ಓಟಕ್ಕೂ ಬಂತು. 30 ಗಂಟೆಯೊಳಗೆ ಬಂದವರಿಗೆ ಕಂಚಿನದು.

ಜೂನ್‌ನ ಕೊನೆಯ ಪೂರ್ತಿ ವಾರಾಂತ್ಯದ ಶನಿವಾರ ಬೆಳಗಿನ 5ಕ್ಕೆ ಒಲಿಂಪಿಕ್ ವ್ಯಾಲಿಯಲ್ಲಿ ಓಟ ಶುರು. ಒಟ್ಟು ಏರು ಸುಮಾರು 5,500 ಮೀಟರ್, ಇಳಿಜಾರು ಸುಮಾರು 7,000 ಮೀಟರ್. ಬೆಳಿಗ್ಗೆ ಮೇಲಿನ ಕಣಿವೆಬಾಯಿಯಲ್ಲಿ ಕೆಲವು ವರ್ಷ ಹಿಮ ತುಳಿದವರೇ ಮಧ್ಯಾಹ್ನ 38 ಡಿಗ್ರಿ ದಾಟಿದ ಕಮರಿಗಳಲ್ಲಿ ಬೇಯುತ್ತಾರೆ. ದಾಖಲೆ ಮಾಡಿದವರದು ಬೇರೆ ಲೋಕ: ಜಿಮ್ ವಾಮ್ಸ್ಲಿ 2019ರಲ್ಲಿ 14 ಗಂಟೆ 9 ನಿಮಿಷ, ಕೋರ್ಟ್ನಿ ಡೌವಾಲ್ಟರ್ 2023ರಲ್ಲಿ 15 ಗಂಟೆ 29 ನಿಮಿಷ. ಉಳಿದವರ ಲೆಕ್ಕ ಕೇಳಿದರೆ ಓದುಗರಿಗೆ ಅಚ್ಚರಿಯಾದೀತು. ಬೆಳ್ಳಿ ಬಕಲ್‌ಗೆ ಕಿಲೋಮೀಟರಿಗೆ ಸುಮಾರು 9 ನಿಮಿಷ ಸಾಕು, ಕಂಚಿಗೆ 11 ನಿಮಿಷ. ಎರಡನೆಯದು ಬಸ್ ಹಿಡಿಯುವ ಅವಸರದಲ್ಲಿರುವವರ ನಡಿಗೆ. ಆ ನಡಿಗೆಯನ್ನು ಬೆಟ್ಟದಲ್ಲಿ, ಬಿಸಿಲಲ್ಲಿ, ಕತ್ತಲಲ್ಲಿ 30 ಗಂಟೆ ಬಿಡದೆ ನಡೆಸುವುದೇ ಕಷ್ಟ.

ಕ್ರೂ

ವೆಸ್ಟರ್ನ್ ಸ್ಟೇಟ್ಸ್ ದಾರಿಯಲ್ಲಿ ನೀರು, ಊಟ ಕೊಡುವ ಸುಮಾರು 20 ಏಡ್ ಸ್ಟೇಷನ್‌ಗಳಿವೆ. ಕ್ರೂ ತನ್ನ ಓಟಗಾರರನ್ನು ಕಾಣಲು ಬಿಡುವುದು ಅವುಗಳಲ್ಲಿ ಕೆಲವು ಕಡೆ ಮಾತ್ರ. ಮೊದಲ ಮುಖ್ಯ ಭೇಟಿ 48ನೇ ಕಿಲೋಮೀಟರಿನ ರಾಬಿನ್ಸನ್ ಫ್ಲ್ಯಾಟ್‌ನಲ್ಲಿ. ಕ್ರೂ ಕೆಲಸದ ಬಹುಭಾಗ ಕಾಯುವುದು. ಬೆಟ್ಟದ ರಸ್ತೆಯಲ್ಲಿ ಗಂಟೆಗಟ್ಟಲೆ ಕಾರು ಓಡಿಸಿ, ನಿಲ್ಲಿಸಲು ಜಾಗ ಹುಡುಕಿ, ಸಾಮಾನು ಹೊತ್ತು ನಡೆದು, ಟಾರ್ಪಾಲು ಹಾಸಿ ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟುಕೊಂಡು ಕೂತರೆ, ಓಟಗಾರರು ಬಂದು ಹೋಗುವುದು ಮೂರೇ ನಿಮಿಷ.

ಆ ಮೂರು ನಿಮಿಷದಲ್ಲಿ ನುರಿತ ಕ್ರೂ ಏನು ಮಾಡುತ್ತದೆಂದು ನೋಡಬೇಕು. ಒಬ್ಬರು ಖಾಲಿ ಬಾಟಲಿ ಕಿತ್ತುಕೊಂಡು ತುಂಬಿದ್ದನ್ನು ಸಿಕ್ಕಿಸುತ್ತಾರೆ. ಇನ್ನೊಬ್ಬರು ಟೋಪಿಯೊಳಗೆ ಐಸ್ ಸುರಿದು, ಐಸ್ ಸುತ್ತಿದ ಬಟ್ಟೆಯನ್ನು ಕುತ್ತಿಗೆಗೆ ಕಟ್ಟುತ್ತಾರೆ. ಮೂರನೆಯವರು ಜೇಬಿನಲ್ಲಿ ಉಳಿದ ಜೆಲ್ ಪೊಟ್ಟಣಗಳನ್ನು ಎಣಿಸುತ್ತಾರೆ: ಐದು ಕೊಟ್ಟದ್ದರಲ್ಲಿ ನಾಲ್ಕು ಹಾಗೇ ಇದ್ದರೆ ಹೊಟ್ಟೆ ಕೆಟ್ಟಿದೆ, ಬಾಯಲ್ಲಿ ಏನೇ ಹೇಳಲಿ. 'ಏನು ಬೇಕು' ಎಂದು ಕೇಳುವುದು ಹೊಸಬರು. ಹನ್ನೆರಡು ಗಂಟೆ ಓಡಿದವರಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ಉಪ್ಪಿನಲ್ಲಿ ಅದ್ದಿದ ಬೆಂದ ಆಲೂಗಡ್ಡೆಯನ್ನು ಕೈಯಲ್ಲಿಟ್ಟು ತಿನ್ನಲು ಹೇಳಬೇಕು. 'ಹೇಗಿದ್ದೀಯ' ಎನ್ನುವ ಬದಲು, ಮೂತ್ರ ಯಾವಾಗ ಆಯಿತು, ಯಾವ ಬಣ್ಣವಿತ್ತು ಎಂದು ಕೇಳಬೇಕು. ಕುರ್ಚಿಯನ್ನು ಎದುರಿಗೆ ಇಡದಿರುವುದೇ ಲೇಸು. ಅದರಲ್ಲಿ ಕೂತು ಮತ್ತೆ ಏಳದವರು ಬಹಳ.

ನಿಮಿಷಗಳ ಲೆಕ್ಕವೂ ಕ್ರೂದ್ದೇ. 20 ಕಡೆ ಮೂರು ಮೂರು ನಿಮಿಷ ನಿಂತರೆ ಒಂದು ಗಂಟೆ ಹೋಯಿತು. ಬೆಳ್ಳಿಗೂ ಕಂಚಿಗೂ ನಡುವಿನ ಅಂತರ ಎಷ್ಟೋ ಸಲ ಅಷ್ಟೇ. ಇದಕ್ಕೆ ಪ್ರೀತಿ ಮಾತ್ರ ಸಾಲದು. ಕೆಲವೊಮ್ಮೆ ಪ್ರೀತಿಯೇ ಅಡ್ಡಿಯಾಗುತ್ತದೆ. ವಾಂತಿ ಮಾಡಿಕೊಂಡು ಅಳುತ್ತಿರುವ ಮಗಳನ್ನು ಹತ್ತು ನಿಮಿಷ ಕೂರಿಸಿ ಮತ್ತೆ ಕತ್ತಲ ದಾರಿಗೆ ಕಳಿಸುವುದು ಅಮ್ಮನಿಂದ ಆಗದ ಕೆಲಸ. ಆದರೆ ನಿಜಕ್ಕೂ ನಿಲ್ಲಿಸಬೇಕಾದ ಹೊತ್ತು ಬಂದಾಗ ಆ ಮಾತು ಮೊದಲು ಬರಬೇಕಾದದ್ದೂ ಕ್ರೂ ಬಾಯಿಂದಲೇ.

ಪೇಸರ್

ರಸ್ತೆ ಮ್ಯಾರಥಾನ್‌ನಲ್ಲಿ ಪೇಸರ್ ಎಂದರೆ ಗೊತ್ತಾದ ವೇಗ ಹಿಡಿದು ಮುಂದೆ ಓಡುವವರು. 100 ಮೈಲಿಯಲ್ಲಿ ಅರ್ಥವೇ ಬೇರೆ. ಅದು ಮುಖ್ಯವಾಗಿ ಸುರಕ್ಷತೆಗಾಗಿ ಬಂದ ಏರ್ಪಾಡು. ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ಪೇಸರ್ ಸೇರಿಕೊಳ್ಳುವುದು ಸುಮಾರು 100ನೇ ಕಿಲೋಮೀಟರಿನ ಫಾರೆಸ್ಟ್‌ಹಿಲ್ ಊರಿನಲ್ಲಿ. 24 ಗಂಟೆಯ ಲೆಕ್ಕ ಹಾಕಿದವರು ಅಲ್ಲಿಗೆ ಬರುವಾಗ ಸಂಜೆ. ಹೆಡ್‌ಲ್ಯಾಂಪ್ ಮರೆತರೆ ಮುಂದಿನ ದಾರಿ ಇಲ್ಲ. 125ನೇ ಕಿಲೋಮೀಟರಿನಲ್ಲಿ ರಕಿ ಚಕಿ ಎಂಬಲ್ಲಿ ಅಮೆರಿಕನ್ ನದಿ ದಾಟಬೇಕು. ನೀರು ಕಡಿಮೆಯಿದ್ದರೆ ಅಡ್ಡ ಕಟ್ಟಿದ ಕೇಬಲ್ ಹಿಡಿದು, ಹೆಚ್ಚಿದ್ದರೆ ದೋಣಿಯಲ್ಲಿ.

ಪೇಸರ್ ಕೆಲಸ ಗುರುತು ತಪ್ಪದಂತೆ ನೋಡುವುದು, ತಿನ್ನಿಸುವುದು, ಎಚ್ಚರವಾಗಿಡುವುದು. ನಿದ್ದೆಗೆಟ್ಟ ಕಣ್ಣಿಗೆ ಬಂಡೆ ಕರಡಿಯಾಗುತ್ತದೆ, ಮರದ ಬೊಡ್ಡೆ ಕೂತ ಮನುಷ್ಯನಾಗುತ್ತದೆ. ಪಕ್ಕದಲ್ಲಿ ಒಬ್ಬರಿದ್ದರೆ 'ಬೊಡ್ಡೆ ಕಣೋ, ನಡಿ' ಎನ್ನುತ್ತಾರೆ. ಓಟಗಾರರ ನೀರು, ಜಾಕೆಟ್ ಹೊರುವಂತಿಲ್ಲ. ಕೊಲೊರಾಡೊದ ಲೆಡ್‌ವಿಲ್ ಓಟದಲ್ಲಿ ಮಾತ್ರ ಹೊರಬಹುದು. ಅದು ಹಳೆಯ ಗಣಿ ಊರು, ಹೇಸರಗತ್ತೆಗಳು ಹೊರೆ ಸಾಗಿಸುತ್ತಿದ್ದ ನೆನಪಿಗೆ ಈ ವಿನಾಯಿತಿ.

ನೆರವಿನ ಗೆರೆ ಎಲ್ಲಿದೆ ಎಂಬುದು 2006ರಲ್ಲಿ ಎಲ್ಲರ ಕಣ್ಣೆದುರೇ ತೀರ್ಮಾನವಾಯಿತು. ಆ ವರ್ಷ ಬ್ರಯಾನ್ ಮಾರಿಸನ್ ಮೊದಲಿಗನಾಗಿ ಆಬರ್ನ್‌ನ ಹೈಸ್ಕೂಲ್ ಮೈದಾನ ಹೊಕ್ಕ. ಉಳಿದಿದ್ದದ್ದು ಟ್ರ್ಯಾಕ್‌ನ ಒಂದು ಸುತ್ತಿಗಿಂತ ಕಡಿಮೆ. ಅಲ್ಲಿ ಆತ ಕುಸಿದುಬಿದ್ದ. 1999ರಿಂದ 2005ರವರೆಗೆ ಸತತ ಏಳು ಸಲ ಇದೇ ಓಟ ಗೆದ್ದಿದ್ದ ಸ್ಕಾಟ್ ಜುರೆಕ್ ಅಂದು ಆತನ ಪೇಸರ್. ಜೊತೆಯಲ್ಲಿದ್ದವರು ಎತ್ತಿದರು, ಆತ ಮತ್ತೆ ಬಿದ್ದ, ಮತ್ತೆ ಎತ್ತಿದರು, ಹಿಡಿದುಕೊಂಡೇ ಗೆರೆ ದಾಟಿಸಿದರು. ಮಾರಿಸನ್ ಅನರ್ಹನಾದ, ಗ್ರಹಾಂ ಕೂಪರ್ ವಿಜೇತನೆಂದು ಘೋಷಣೆಯಾಯಿತು. ಕಣ್ಣೆದುರು ಬಿದ್ದ ಗೆಳೆಯನಿಗೆ ಕೈ ಕೊಡದೆ ನಿಲ್ಲಲು ಯಾರಿಗಾದೀತು? ಆದರೂ ನಿಯಮ ಸರಿಯೇ. 160 ಕಿಲೋಮೀಟರ್ ಸ್ವಂತ ಕಾಲ ಮೇಲೆ ಬರಬೇಕು ಎಂಬುದೊಂದೇ ಇಲ್ಲಿ ಉಳಿದ ಷರತ್ತು. ಅದೂ ಹೋದರೆ ಅಳೆಯಲು ಏನೂ ಉಳಿಯದು.

ಓಟಕ್ಕೊಂದು ನಿಯಮ

ಇದೇ ಪ್ರಶ್ನೆಗೆ ಬೇರೆ ಓಟಗಳು ಬೇರೆ ಉತ್ತರ ಕೊಟ್ಟಿವೆ. ಕ್ಯಾಲಿಫೋರ್ನಿಯಾದ್ದೇ ಆದ ಬ್ಯಾಡ್‌ವಾಟರ್ 135 ಒಂದು ತುದಿ. ಜುಲೈನಲ್ಲಿ, ಸಮುದ್ರ ಮಟ್ಟಕ್ಕಿಂತ 85 ಮೀಟರ್ ಕೆಳಗಿರುವ ಡೆತ್ ವ್ಯಾಲಿಯಿಂದ ವಿಟ್ನಿ ಬೆಟ್ಟದ ಬುಡಕ್ಕೆ 217 ಕಿ.ಮೀ. ಬಿಸಿಲು 50 ಡಿಗ್ರಿ ಮುಟ್ಟುವುದುಂಟು. ದಾರಿಯಲ್ಲಿ ಏಡ್ ಸ್ಟೇಷನ್ ಒಂದೂ ಇಲ್ಲ, ಹಾಗಾಗಿ ಕ್ರೂ ಇಲ್ಲದೆ ಓಡಲು ಬಿಡುವುದೇ ಇಲ್ಲ. ಕ್ರೂ ವ್ಯಾನು ಮುಂದೆ ಹೋಗಿ ನಿಲ್ಲುವುದು, ಓಟಗಾರರು ಬಂದೊಡನೆ ನೀರೆರಚಿ ಐಸ್ ಕೊಟ್ಟು ಮತ್ತೆ ಮುಂದೆ ಹೋಗುವುದು, ಎರಡು ದಿನ ಇದೇ ಕೆಲಸ. ಪೇಸರ್ ಓಟಗಾರರ ಹಿಂದೆಯೇ ಇರಬೇಕು. ಮುಂದೆ ಓಡಿ ಗಾಳಿಗೋ ಬಿಸಿಲಿಗೋ ಮರೆಯಾಗುವಂತಿಲ್ಲ. ನರಕ್ಕೆ ಡ್ರಿಪ್ ಏರಿಸಿದರೆ ಓಟ ಅಲ್ಲಿಗೆ ಮುಗಿಯಿತು.

ಯುರೋಪಿನದು ಇನ್ನೊಂದು ತುದಿ. ಮೌಂಟ್ ಬ್ಲಾಂಕ್ ಸುತ್ತುವ, ಸುಮಾರು 170 ಕಿಲೋಮೀಟರಿನ ಯುಟಿಎಂಬಿಯಲ್ಲಿ ಪೇಸರ್ ನಿಷಿದ್ಧ. ಗೊತ್ತಾದ ಕೆಲವು ತಾಣಗಳಲ್ಲಿ ಒಬ್ಬರು ಮಾತ್ರ ನೆರವಾಗಬಹುದು. ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ 246 ಕಿ.ಮೀ. ಓಡಿ ರಾಜ ಲಿಯೊನಿಡಾಸ್ ಪ್ರತಿಮೆಯ ಪಾದ ಮುಟ್ಟುವ ಸ್ಪಾರ್ಟಾತ್ಲಾನ್‌ನಲ್ಲೂ ಪೇಸರ್ ಇಲ್ಲ.

ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆಯುವ, ಸುಮಾರು 90 ಕಿಲೋಮೀಟರಿನ ಕಾಮ್ರೇಡ್ಸ್ ಇದಕ್ಕೊಂದು ಚೆಂದದ ದಾರಿ ಕಂಡುಕೊಂಡಿದೆ. ಅಲ್ಲಿ 'ಬಸ್'ಗಳಿವೆ. ಅನುಭವಿ ಓಟಗಾರನೊಬ್ಬ ಬಾವುಟ ಹಿಡಿದು 'ಡ್ರೈವರ್' ಆಗುತ್ತಾನೆ, ನೂರಾರು ಜನ ಹಿಂದೆ ಸೇರುತ್ತಾರೆ. ಎಲ್ಲಿ ಓಡಬೇಕು, ಯಾವ ದಿಬ್ಬ ನಡೆಯಬೇಕು ಎಂದು ಆತ ಕೂಗಿ ಹೇಳುತ್ತಾನೆ, ಬಸ್ಸಿಗೆ ಬಸ್ಸೇ ಹಾಡುತ್ತ ಸಾಗುತ್ತದೆ. ಡ್ರೈವರ್ ಕೂಡ ಸ್ಪರ್ಧಿಯೇ ಆದ್ದರಿಂದ ನಿಯಮಕ್ಕೆ ತೊಡಕಿಲ್ಲ.

24 ಗಂಟೆಯ ಓಟದಲ್ಲಿ ಕ್ರೂ ಅಲೆಯಬೇಕಾಗಿಲ್ಲ, ಓಟಗಾರರೇ ಸುತ್ತಿ ಸುತ್ತಿ ಬರುತ್ತಾರೆ. 2022ರ ಜುಲೈ 2 ಮತ್ತು 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 24 ಗಂಟೆ ಚಾಂಪಿಯನ್‌ಷಿಪ್ ನಡೆಯಿತು. ಭಾರತದ ಅಮರ್ ಸಿಂಗ್ ದೇವಂದಾ 257.618 ಕಿ.ಮೀ. ಓಡಿ ಗೆದ್ದರು. 400 ಮೀಟರಿನ ಟ್ರ್ಯಾಕ್‌ನಲ್ಲಿ ಅದು 644 ಸುತ್ತು. ಅಷ್ಟೂ ಸಲ ಅದೇ ಮೇಜು, ಮೇಜಿನ ಮೇಲೆ ಅದೇ ಬಾಳೆಹಣ್ಣು, ಅದೇ ಮುಖಗಳು. ಹಿಂದೆ ಸರಿಯುವ ಆಸೆ ಎರಡು ಮೂರು ನಿಮಿಷಕ್ಕೊಮ್ಮೆ ಎದುರಾಗುವ ಓಟ ಇದೊಂದೇ.

ಸಿದ್ಧತೆ

ತಿಂಗಳುಗಟ್ಟಲೆ ವಾರಕ್ಕಿಷ್ಟು ಎಂದು ನಿಧಾನವಾಗಿ ದೂರ ಏರಿಸುವುದು, ಶನಿವಾರ ಉದ್ದ ಓಡಿ ದಣಿದ ಕಾಲಲ್ಲೇ ಭಾನುವಾರ ಮತ್ತೆ ಓಡುವುದು ತರಬೇತಿಯ ತಿರುಳು. ಏರು ದಮ್ಮು ಕೇಳುತ್ತದೆ, ಇಳಿಜಾರು ತೊಡೆಯನ್ನೇ ತಿನ್ನುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಆಗ ಅದರ ಎಳೆಗಳು ಹರಿಯುತ್ತವೆ. ನಂದಿಬೆಟ್ಟದಲ್ಲಿ ಅಭ್ಯಾಸ ಮಾಡುವ ಬೆಂಗಳೂರಿನವರು ಹತ್ತುವುದಷ್ಟೇ ಅಲ್ಲ, ಓಡುತ್ತ ಇಳಿಯುವುದನ್ನೂ ಲೆಕ್ಕಕ್ಕೆ ಹಿಡಿಯುವುದು ಇದಕ್ಕೇ. ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ. ಮಲೆನಾಡಿನ ಕಾಫಿ ತೋಟಗಳ ದಾರಿಯಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟಕ್ಕೆ ಬಿಸಿಲಿಗಿಂತ ಕೆಸರು, ಇಂಬಳ ಮತ್ತು ಒದ್ದೆ ಕಾಲುಚೀಲಕ್ಕೆ ಸಿದ್ಧರಾಗಬೇಕು.

ಹೊಟ್ಟೆಗೂ ತರಬೇತಿ ಬೇಕು. ಗಂಟೆಗೆ 60ರಿಂದ 90 ಗ್ರಾಂ ಸಕ್ಕರೆ, ಪಿಷ್ಟ ಅರಗಿಸಿಕೊಳ್ಳುವುದು ಅಭ್ಯಾಸವಿಲ್ಲದ ಹೊಟ್ಟೆಗೆ ಆಗದು. ಭಾರತದ ಓಟಗಾರರಲ್ಲಿ ಅನೇಕರು ರಾತ್ರಿ ಜೆಲ್ ಸೇರದಾದಾಗ ಮೊಸರನ್ನಕ್ಕೆ ಮರಳುತ್ತಾರೆ. ನೀರು ಕಡಿಮೆಯಾದರೆ ಅಪಾಯವೆಂದು ಎಲ್ಲರಿಗೂ ಗೊತ್ತು. ಅತಿಯಾದರೂ ಅಪಾಯ: ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತವೆ, ಮಿದುಳು ಊದಿ ಸಾವೂ ಬರಬಹುದು. ಬೆರಳು ಊದಿ ಉಂಗುರ ಬಿಗಿಯಾದದ್ದನ್ನು ಮೊದಲು ಕಾಣಬೇಕಾದವರು ಕ್ರೂ. ನೋವಿಗೆ ಐಬುಪ್ರೊಫೆನ್ ನುಂಗಬಾರದು. ಹರಿದ ಸ್ನಾಯುಗಳ ಕಸವನ್ನು ಸೋಸುತ್ತಿರುವ ಮೂತ್ರಪಿಂಡಕ್ಕೆ ಅದು ಇನ್ನೊಂದು ಏಟು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಓಟ ಬಿಟ್ಟು ಡಾಕ್ಟರ ಬಳಿ ಹೋಗುವುದೇ ದಾರಿ.

ವೇಗದ ವಿಷಯದಲ್ಲಿ ಹಳಬರ ಸಲಹೆ ಒಂದೇ: ಮೊದಲ ಮೂರನೇ ಒಂದು ಭಾಗ ಬೇಸರ ಬರುವಷ್ಟು ನಿಧಾನವಾಗಿರಲಿ, ದಿಬ್ಬ ಕಂಡಲ್ಲಿ ನಡೆಯಿರಿ. ಕ್ರೂ ಜೊತೆಗಿನ ಒಪ್ಪಂದವೂ ಮನೆಯಲ್ಲೇ ಆಗಬೇಕು. ಯಾವ ಕಾರಣಕ್ಕೆ ನಿಲ್ಲಿಸಬಹುದು, ಯಾವುದಕ್ಕೆ ನಿಲ್ಲಿಸಬಾರದು ಎಂಬುದನ್ನು ತಲೆ ನೆಟ್ಟಗಿರುವಾಗ ಬರೆದುಕೊಡಬೇಕು. ನಡುರಾತ್ರಿಯ ವಾದದಲ್ಲಿ ಕ್ರೂ ಕೈಗೆ ಆ ಚೀಟಿ ಬೇಕಾಗುತ್ತದೆ.

ವೆಸ್ಟರ್ನ್ ಸ್ಟೇಟ್ಸ್‌ನ ಕೊನೆಯ ತಾಣ ರೋಬಿ ಪಾಯಿಂಟ್‌ನಿಂದ ಮೈದಾನಕ್ಕೆ ಎರಡು ಕಿಲೋಮೀಟರ್. ಅಲ್ಲಿಂದ ಕ್ರೂ ಪೂರ್ತಿ ಜೊತೆಗೆ ಓಡುವುದು ವಾಡಿಕೆ. 2015ರಲ್ಲಿ 70 ವರ್ಷದ ಗುನ್‌ಹಿಲ್ಡ್ ಸ್ವಾನ್ಸನ್ ಅಲ್ಲಿಗೆ ಬರುವಾಗ ಭಾನುವಾರದ 11 ಗಂಟೆ ಹತ್ತಿರವಾಗಿತ್ತು. ಹಿಂದಿನ ಸಂಜೆಯೇ ಓಟ ಗೆದ್ದು ಮುಗಿಸಿದ್ದ ರಾಬ್ ಕ್ರಾರ್ ಹವಾಯಿ ಚಪ್ಪಲಿಯಲ್ಲೇ ಆಕೆಯ ಪಕ್ಕ ಓಡಿದ. ಮೈದಾನದ ಜನವೆಲ್ಲ ಎದ್ದು ನಿಂತಿತ್ತು. ಆಕೆ ಗೆರೆ ದಾಟಿದ್ದು 29 ಗಂಟೆ 59 ನಿಮಿಷ 54 ಸೆಕೆಂಡಿಗೆ.